ಬೆಕ್ಕು ಪರಚಿದ ಗಾಯಕ್ಕೂ ಲೆಕ್ಕ ಬೇಕು

ಬೀದಿಯ ನಾಯಿ ಕಚ್ಚಿದರೆ ಕೇರಿಗೆ ಕೇರಿಯೇ ಓಡಿಬಂದು ಆಸ್ಪತ್ರೆಗೆ ಸಾಗಿಸುತ್ತದೆ. ಬೆಕ್ಕು ಕಚ್ಚಿದರೆ ಮಾತ್ರ "ಅಯ್ಯೋ, ಬೆಕ್ಕು ತಾನೇ!" ಎಂದು ಚಿಟಿಕೆ ಸುಣ್ಣ ಒತ್ತಿ ಮತ್ತೆ ಕೆಲಸಕ್ಕೆ ಕೂರುತ್ತೇವೆ. ಈ ಭೇದ ನಾವು ಮಾಡಿಕೊಂಡದ್ದು. ರೇಬೀಸ್ ರೋಗಕ್ಕೆ ಇಂಥ ಭೇದವಿಲ್ಲ. ಹುಚ್ಚುನಾಯಿಯ ಜೊಲ್ಲಿನಲ್ಲಿರುವ ವಿಷಾಣುವೇ ಹುಚ್ಚು ಹಿಡಿದ ಬೆಕ್ಕಿನ ಜೊಲ್ಲಿನಲ್ಲಿಯೂ ಇರುತ್ತದೆ. ಮನುಷ್ಯನಲ್ಲಿ ರೋಗದ ಲಕ್ಷಣ ಒಮ್ಮೆ ಕಂಡಿತೆಂದರೆ ಬದುಕಿ ಉಳಿಯುವವರು ಅತ್ಯಂತ ವಿರಳ.

ಕೊಳ್ಳೇಗಾಲ, ಹನೂರು, ಯಳಂದೂರುಗಳ ದುಡಿಯುವ ಜನರಿಗೆ ಇದು ವಿಶೇಷವಾಗಿ ಸಂಬಂಧಿಸಿದ ಮಾತು. ರೇಷ್ಮೆ ಇರುವಲ್ಲಿ ಇಲಿ ಇರುತ್ತದೆ; ಹುಳು, ಗೂಡು ಎರಡೂ ಅದಕ್ಕೆ ತಿಂಡಿ. ದಿನಸಿ ಅಂಗಡಿಯ ಮೂಟೆಗಳ ಪಾಡಂತೂ ಹೇಳುವುದೇ ಬೇಡ. ಆದ್ದರಿಂದ ಹುಳುಮನೆಯಲ್ಲಿ, ನೂಲು ಬಿಚ್ಚುವ ಮನೆಯಲ್ಲಿ, ಅಂಗಡಿಯ ಉಗ್ರಾಣದಲ್ಲಿ ಬೆಕ್ಕು ಸಂಬಳವಿಲ್ಲದ ಕಾವಲುಗಾರ. ಅದು ರಾತ್ರಿ ಬೀದಿನಾಯಿಯ ಬಾಯಿಗೆ ಸಿಕ್ಕು ಬಿಡಿಸಿಕೊಂಡು ಬಂದರೂ ಯಾರೂ ಕಂಡಿರುವುದಿಲ್ಲ. ಕೆಲವು ವಾರಗಳ ಮೇಲೆ ಅದೇ ಬೆಕ್ಕು ಕತ್ತಲ ಮೂಲೆ ಹಿಡಿಯುತ್ತದೆ, ದನಿ ಕೆಡುತ್ತದೆ, ಕೆಣಕದಿದ್ದರೂ ಮೇಲೆ ಹಾರುತ್ತದೆ. ಅದಕ್ಕೂ ಕೆಲವು ದಿನ ಮುಂಚೆಯೇ ಜೊಲ್ಲಿನಲ್ಲಿ ವಿಷಾಣು ಬಂದಿರಬಹುದು. ಆಗ ನೋಡುವವರ ಕಣ್ಣಿಗೆ ಬೆಕ್ಕು ನೆಟ್ಟಗೇ ಇರುತ್ತದೆ.

ಇನ್ನು ಕೈಯ ಮಾತು. ಬಿಸಿನೀರಿನ ತೊಟ್ಟಿಯಲ್ಲಿ ದಿನವಿಡೀ ಗೂಡಿನ ಎಳೆ ಹಿಡಿಯುವ ಹೆಣ್ಣುಮಕ್ಕಳ ಬೆರಳು ಸುಲಿದಿರುತ್ತದೆ, ಬಿರಿದಿರುತ್ತದೆ. ಸುಲಿದ ಚರ್ಮವನ್ನು ಹುಚ್ಚುಬೆಕ್ಕು ಬರಿದೆ ನೆಕ್ಕಿದರೂ ಅದು ಮೂರನೆಯ, ಎಂದರೆ ಅತಿ ಅಪಾಯದ, ದರ್ಜೆಗೆ ಸೇರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆ ಹೇಳುತ್ತದೆ. ಬೆರಳಲ್ಲಿ ನರಗಳು ದಟ್ಟವಾಗಿವೆ. ವಿಷಾಣು ನರದ ದಾರಿ ಹಿಡಿದೇ ಮಿದುಳಿಗೆ ಏರುತ್ತದೆ. ಯಜಮಾನನಿಗೆ ಲಾಭ ತರುವ ಕೈಯೇ ಸಾವಿಗೆ ಬಾಗಿಲಾಗುತ್ತದೆ.

ಸುಣ್ಣ, ಮೆಣಸಿನಪುಡಿ, ಹೊಗೆಸೊಪ್ಪು ಯಾವುದೂ ಬೇಡ. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಕಾಲು ಗಂಟೆ ತೊಳೆಯಬೇಕು. ಅಂದೇ ಆಸ್ಪತ್ರೆಗೆ ಹೋಗಬೇಕು. ರಕ್ತ ಬಾರದ ಪರಚುಗಾಯಕ್ಕೂ ಲಸಿಕೆ ಬೇಕು. ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದೊಳಕ್ಕೆ ಇಮ್ಯುನೋಗ್ಲಾಬ್ಯುಲಿನ್ ಕೂಡ ಹಾಕಿಸಬೇಕು. ಬೆಕ್ಕನ್ನು ಹತ್ತು ದಿನ ಕಣ್ಣಿಟ್ಟು ನೋಡುವುದು ಸರಿ. ಆ ಹತ್ತು ದಿನ ಲಸಿಕೆಯನ್ನು ಮುಂದೂಡುವುದು ಸರಿಯಲ್ಲ.

"ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ" ಎಂಬ ಹೆದರಿಕೆ ಇನ್ನೂ ಹೋಗಿಲ್ಲ. ಅದು ಹಳೆಯ ಕಥೆ. 1956ಕ್ಕೆ ಮುಂಚೆ ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ನೀಲಗಿರಿಯ ಕೂನೂರಿನಲ್ಲಿ 1907ರಲ್ಲಿ ಪಾಶ್ಚರ್ ಸಂಸ್ಥೆ ತೆರೆಯಿತು. ಸಕಾಲಕ್ಕೆ ಚಿಕಿತ್ಸೆ ಸಿಗದೆ 1902ರಲ್ಲಿ ಒಬ್ಬ ಆಂಗ್ಲ ಮಹಿಳೆ ಸತ್ತ ಮೇಲೆ ಅದನ್ನು ಕಟ್ಟುವ ಮನಸ್ಸಾಯಿತು. ಅದಕ್ಕೂ ಮೊದಲು ಸತ್ತ ಕೂಲಿಗಳನ್ನು ಎಣಿಸಿದವರಾರು? ಕುರಿಯ ಮಿದುಳಿನಿಂದ ಮಾಡುತ್ತಿದ್ದ ಆ ಹಳೆಯ ಲಸಿಕೆಯನ್ನು ಭಾರತವು 2004ರ ಕೊನೆಗೆ ನಿಲ್ಲಿಸಿತು. ಈಗ ತೋಳಿನ ಚರ್ಮಕ್ಕೆ ಸಣ್ಣ ಸೂಜಿ. 0, 3, 7, 28ನೆಯ ದಿನಗಳಂದು, ನಾಲ್ಕು ಸಲ ಹೋದರಾಯಿತು.

ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತವೆನ್ನುತ್ತಾರೆ. ಸರಿ; ಆ ನಾಲ್ಕು ದಿನದ ಕೂಲಿ? ಬಸ್ ಚಾರ್ಜು? ಹತ್ತು ಜನರಿಗಿಂತ ಕಡಿಮೆ ದುಡಿಯುವ ಘಟಕಕ್ಕೆ ಇ.ಎಸ್.ಐ. ಸಾಮಾನ್ಯವಾಗಿ ಕಡ್ಡಾಯವಲ್ಲ. ಅಲ್ಲಿ ಒಂದು ದಿನ ತಪ್ಪಿದರೆ ಅಂದಿನ ಒಲೆ ಉರಿಯದು. ಹನೂರಿನ ಕಾಡಿನ ಊರುಗಳಿಂದ ಬರುವವನಿಗೆ ಒಂದು ಸೂಜಿಗೆ ಒಂದು ಇಡೀ ದಿನ ಬೇಕು. ಅವನು ಮೂರನೆಯ ಸೂಜಿಗೆ ಬಾರದಿದ್ದರೆ "ಅಜ್ಞಾನ" ಎಂದು ಬರೆದುಕೊಳ್ಳುವುದು ಸುಲಭ. ಅವನ ಜೇಬು ನೋಡುವುದು ಕಷ್ಟ.

ನಾಯಿಯಿಂದ ಹರಡುವ ರೇಬೀಸನ್ನು 2030ರೊಳಗೆ ನಿರ್ಮೂಲ ಮಾಡುವ ಯೋಜನೆಯನ್ನು ಕೇಂದ್ರ ಸರ್ಕಾರವು 2021ರಲ್ಲಿ ಸಾರಿತು. ನಾಯಿಯನ್ನು ಮೊದಲಿಟ್ಟುದು ತಪ್ಪಲ್ಲ. ಮನುಷ್ಯರಿಗೆ ತಗಲುವ ರೇಬೀಸಿನಲ್ಲಿ ನೂರಕ್ಕೆ 99ರಷ್ಟು ನಾಯಿಯದೇ ಪಾಲು. ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆ ಬಿದ್ದರೆ ರೋಗದ ಸರಪಳಿ ಕಡಿಯುತ್ತದೆ, ಬೆಕ್ಕೂ ಉಳಿಯುತ್ತದೆ. ಅಲ್ಲಿಯವರೆಗೆ ಬೆಕ್ಕಿಗೆ ಗಂಟೆ ಕಟ್ಟುವವರಾರು?

ಗೋಣಿಚೀಲದಲ್ಲಿ ತುಂಬಿ ಊರಾಚೆ ಬಿಟ್ಟುಬರುವುದು ಉತ್ತರವಲ್ಲ. ಇಲಿ ಇರುವಲ್ಲಿಗೆ ಇನ್ನೊಂದು ಬೆಕ್ಕು ಬಂದೇ ಬರುತ್ತದೆ. ಮೂರು ತಿಂಗಳು ತುಂಬಿದ ಬೆಕ್ಕಿಗೆ ಪಶು ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸಿ, ವೈದ್ಯರು ಹೇಳಿದ ಕಾಲಕ್ಕೆ ಮತ್ತೆ ಹಾಕಿಸುತ್ತಿರಬೇಕು. ಅಂಗಡಿಯ ಬಂಧುಗಳೇ, ಮೂಟೆ ಕಾಯಲು ಬೆಕ್ಕು ಬೇಕಾದರೆ ಅದರ ಲಸಿಕೆಯ ಹೊಣೆಯೂ ನಿಮ್ಮದೇ. ನೂಲಿನ ಯಜಮಾನರಿಗೂ ಇದೇ ಮಾತು.

ನಾವು ಕೇಳುವುದು ಮೂರೇ. ಕೊಳ್ಳೇಗಾಲ ನಗರಸಭೆ, ಹನೂರು ಮತ್ತು ಯಳಂದೂರು ಪಟ್ಟಣ ಪಂಚಾಯತಿಗಳು ಪಶುಪಾಲನಾ ಇಲಾಖೆಯೊಡನೆ ವಾರ್ಡುವಾರು ನಾಯಿ, ಬೆಕ್ಕು ಎರಡಕ್ಕೂ ಲಸಿಕೆ ಹಾಕಿಸಲಿ. ಮೂರು ಊರುಗಳ ಸರ್ಕಾರಿ ಆಸ್ಪತ್ರೆಗಳು ಲಸಿಕೆ, ಇಮ್ಯುನೋಗ್ಲಾಬ್ಯುಲಿನ್ ಎಷ್ಟಿವೆಯೆಂದು ದಿನವೂ ಬೋರ್ಡಿನ ಮೇಲೆ ಬರೆಯಲಿ. ಕಡಿತಕ್ಕೊಳಗಾದ ಕಾರ್ಮಿಕನಿಗೆ ಸೂಜಿಯ ನಾಲ್ಕು ದಿನ ಕೂಲಿಸಹಿತ ರಜೆ ಸಿಗಲಿ.

ಕರ್ನಾಟಕವು 2022ರಲ್ಲಿ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಸಾರಿದೆ. ಸತ್ತವರ ವರದಿಯಷ್ಟೇ ಸಾಲದು. ನಿಮ್ಮ ವಾರ್ಡಿನ ಸದಸ್ಯರು ಮತ ಕೇಳಲು ಬಂದಾಗ ಇದೊಂದು ಪ್ರಶ್ನೆ ಕೇಳಿ: ಈ ಬೀದಿಯ ನಾಯಿ, ಬೆಕ್ಕುಗಳಲ್ಲಿ ಎಷ್ಟಕ್ಕೆ ಲಸಿಕೆ ಬಿದ್ದಿದೆ? ಅವರು ಲೆಕ್ಕ ಹೇಳಲಿ.