ಭಾನುವಾರದ ಮಾತು – 6: ದೇವರ ಹತ್ರ ಜಗಳಾಡೋದಕ್ಕೂ ಒಂದು ಪ್ರಾರ್ಥನೆ ಇದೆ

(1/3)

ಒಂದು ಪ್ರಶ್ನೆ. ಹೋದ ಭಾನುವಾರ ಬಲಿಪೂಜೆಯಲ್ಲಿ ಮೊದಲನೇ ವಾಚನ ಆದ್ಮೇಲೆ ಬಂದ ಕೀರ್ತನೆ ಯಾವುದು?

ನೆನಪಿಲ್ಲ ಅಲ್ವಾ? ಬೇಜಾರು ಮಾಡ್ಕೋಬೇಡಿ, ನನಗೂ ಎಷ್ಟೋ ವರ್ಷ ನೆನಪಿರ್ತಿರ್ಲಿಲ್ಲ. ಕೀರ್ತನೆ ಅಂದ್ರೆ ನನ್ನ ಪಾಲಿಗೆ ಎರಡು ವಾಚನಗಳ ಮಧ್ಯೆ ಸಿಗೋ ಗ್ಯಾಪ್. ಶ್ಲೋಕವನ್ನ ನಾಲ್ಕು ಸಲ ಬಾಯಿಪಾಠದ ಥರ ಹೇಳೋದು, ಹಿಂದಿನ ಬೆಂಚಲ್ಲಿ ಯಾರು ಬಂದಿದ್ದಾರೆ ಅಂತ ತಿರುಗಿ ನೋಡೋದು.

ಗಾನವೃಂದಕ್ಕೆ ಸೇರಿದ ಮೇಲೆ ಇನ್ನೂ ಒಂದು ಕೆಲಸ ಮಾಡಿದ್ವಿ. ಆ ದಿನದ ಕೀರ್ತನೆ ಡಲ್ ಅನ್ಸಿದ್ರೆ ಅದನ್ನ ಬಿಟ್ಟು, ಗಿಟಾರ್‌ಗೆ ಚೆನ್ನಾಗಿ ಹೊಂದೋ ಬೇರೆ ಹಾಡು ಹಾಕಿಬಿಡ್ತಿದ್ವಿ. ಕೀರ್ತನೆಯ ಜಾಗದಲ್ಲಿ ಬೇರೆ ಹಾಡು ಬರೋಹಾಗಿಲ್ಲ ಅಂತ ಪೂಜಾಗ್ರಂಥದ ನಿಯಮದಲ್ಲೇ ಇದೆ ಅನ್ನೋದು ಆಮೇಲೆ ಗೊತ್ತಾಯ್ತು. ಇದಕ್ಕೂ ಇಷ್ಟೊಂದು ಸ್ಟ್ರಿಕ್ಟಾ ಅಂತ ಅವತ್ತು ನಕ್ಕಿದ್ದೆ. ಈಗ ನಗಲ್ಲ. ಯಾಕೆ ಅಂತ ಹೇಳ್ತೀನಿ.

ನಮ್ಮ ಕ್ಲಾಸಿನವರಿಗೆ ಗೊತ್ತು, ಎರಡನೇ ಸೆಮ್‌ನಲ್ಲಿ ಮೂರು ವಾರ ನಾನು ಕಾಲೇಜಿಗೆ ಬಂದಿರಲಿಲ್ಲ. ಅಪ್ಪ ಐಸಿಯುನಲ್ಲಿದ್ರು. ನೋಡೋಕೆ ಬಂದವರೆಲ್ಲ ಒಳ್ಳೆಯವರೇ. ಆದ್ರೆ ಎಲ್ಲರ ಬಾಯಲ್ಲೂ ಒಂದೇ ಮಾತು, "ಅಳಬೇಡಮ್ಮ, ದೇವರಿಗೆ ಸ್ತೋತ್ರ ಹೇಳು." ಒಬ್ಬರಂತೂ, ಅತ್ರೆ ನಂಬಿಕೆ ಕಡಿಮೆ ಅಂತ ಅರ್ಥ ಅಂದುಬಿಟ್ರು. ಸ್ತೋತ್ರ ಹೇಳೋಣ ಅಂತ ಬಾಯಿ ತೆಗೆದ್ರೆ ನನಗೆ ಬರ್ತಿದ್ದಿದ್ದು ಸಿಟ್ಟು. ಸಿಟ್ಟಿಟ್ಕೊಂಡು ಪ್ರಾರ್ಥನೆ ಮಾಡಬಾರದು ಅಂದ್ಕೊಂಡು ಪ್ರಾರ್ಥನೆಯನ್ನೇ ಬಿಟ್ಟೆ.

ಅಪ್ಪ ಮನೆಗೆ ಬರಲಿಲ್ಲ.

(2/3)

ಅಪ್ಪನ್ನ ಮಣ್ಣು ಮಾಡಿ ಹತ್ತು ದಿನ ಆಗಿತ್ತು. ಶುಕ್ರವಾರ ರಾತ್ರಿ. ಅಮ್ಮನ ಜೊತೆ ಇರೋಕೆ ಅಂತ ಕಾನ್ವೆಂಟಿಂದ ಬಂದಿದ್ದ ನಮ್ಮ ಸಿಸ್ಟರ್ ಚಿಕ್ಕಮ್ಮ ಮಲಗೋ ಮುಂಚೆ ಪುಸ್ತಕ ಹಿಡ್ಕೊಂಡು ಕೂತಿದ್ರು. "ನೀನೂ ಓದ್ತೀಯೇನೇ?" ಅಂತ ನನ್ನ ಕಡೆ ಸರಿಸಿದ್ರು. 88ನೇ ಕೀರ್ತನೆ.

ಕೂಗಿ ಕೂಗಿ ಸಾಕಾದ ಒಬ್ಬ ಮನುಷ್ಯ ಅದರಲ್ಲಿ ದೇವರನ್ನೇ ನಿಲ್ಲಿಸಿ ಕೇಳ್ತಾನೆ. ಜೊತೆಗಿದ್ದವರೆಲ್ಲ ದೂರ ಆದ್ರಲ್ಲ, ಅದಕ್ಕೂ ನೀನೇ ಕಾರಣ ಅಂತಾನೆ. ಕೊನೆಗಾದ್ರೂ ಒಂದು ಸಮಾಧಾನದ ಮಾತು ಬರುತ್ತೆ ಅಂತ ನಾನು ಕಾದೆ. ಬರಲಿಲ್ಲ. ಹೀಬ್ರೂ ಮೂಲದಲ್ಲಿ ಅದರ ಕೊನೇ ಪದವೇ ಕತ್ತಲು.

"ಇದು ಬೈಬಲ್‌ನಲ್ಲೇ ಇದೆಯಾ?" ಅಂದೆ.

"ಇದೆ. ಪ್ರತಿ ಶುಕ್ರವಾರ ರಾತ್ರಿ ಓದ್ತೀವಿ," ಅಂದ್ರು.

ಆಮೇಲೆ ಗಮನಿಸಿ ನೋಡಿದೆ. ಶಿಲುಬೆ ಮೇಲೆ ಯೇಸುಸ್ವಾಮಿ, ದೇವರು ತಮ್ಮ ಕೈಬಿಟ್ಟಿದ್ದೇಕೆ ಅಂತ ಕೂಗಿದ್ರಲ್ಲ, ಅದು 22ನೇ ಕೀರ್ತನೆಯ ಶುರು. ಗರಿಗಳ ಭಾನುವಾರ ನಾವೆಲ್ಲ ಅದನ್ನೇ ಹೇಳ್ತೀವಿ. ಸ್ವಾಮಿಯವರೇ ನೋವಿನಲ್ಲಿದ್ದಾಗ ಚಿಕ್ಕಂದಿನಿಂದ ಕಲಿತ ಕೀರ್ತನೆಯನ್ನ ಬಾಯಿಗೆ ತಂದ್ಕೊಂಡಿರೋವಾಗ, ಅಳೋದು ನಂಬಿಕೆಯ ಕೊರತೆ ಹೇಗಾಗುತ್ತೆ? 430ರಲ್ಲಿ ಹಿಪ್ಪೋ ಊರಲ್ಲಿ ಸಂತ ಅಗಸ್ಟೀನರು ಸಾಯೋ ಹಾಸಿಗೆಯಲ್ಲಿದ್ದಾಗ ಪಶ್ಚಾತ್ತಾಪದ ಕೀರ್ತನೆಗಳನ್ನ ಬರೆಸಿ ಗೋಡೆಗೆ ಹಾಕಿಸ್ಕೊಂಡು, ಓದ್ತಾ ಅಳ್ತಿದ್ರಂತೆ. ಅವರ ಹಾಸಿಗೆ ಪಕ್ಕ ನಿಂತು "ಅಳಬೇಡಿ" ಅನ್ನೋ ಧೈರ್ಯ ಯಾರಿಗಿತ್ತು?

ಕನ್ನಡದವರಿಗೆ ಇದೇನು ತೀರಾ ಹೊಸದಲ್ಲ. ಕೀರ್ತನೆ ಅಂದ ತಕ್ಷಣ ನಮಗೆ ದಾಸರೂ ನೆನಪಾಗ್ತಾರೆ. ಹರಿಯನ್ನೇ ತರಾಟೆಗೆ ತಗೊಳ್ಳೋ ನಿಂದಾಸ್ತುತಿಗಳೂ ಅವರಲ್ಲಿವೆ. ನಿಂದಾಸ್ತುತಿಯಲ್ಲಿ ಬೈಗುಳದ ಒಳಗೆ ಹೊಗಳಿಕೆ ಅಡಗಿರುತ್ತೆ. 88ನೇ ಕೀರ್ತನೆಯಲ್ಲಿ ಅದೂ ಇಲ್ಲ, ಬರೀ ನೋವು. ಆದ್ರೂ ಎರಡರಲ್ಲೂ ಒಂದು ಸಲಿಗೆ ಇದೆ. ಆಗದವರ ಹತ್ರ ನಾವು ಮಾತು ಬಿಡ್ತೀವಿ, ನಮ್ಮವರ ಹತ್ರ ಮಾತ್ರ ಜಗಳ ಆಡ್ತೀವಿ.

(3/3)

"ಕೆಲವು ಕೀರ್ತನೆಗಳಲ್ಲಿ ಬರೀ ಶಾಪ ಇದೆ, ಅದನ್ನೂ ಪ್ರಾರ್ಥಿಸ್ಬೇಕಾ?" ಅಂತ ಒಬ್ಬ ಫ್ರೆಂಡ್ ಕೇಳಿದ. ನ್ಯಾಯವಾದ ಪ್ರಶ್ನೆ. ಧರ್ಮಸಭೆಗೇ ಅದು ಕಷ್ಟ ಆಗಿದೆ. 1971ರಲ್ಲಿ ದಿನನಿತ್ಯದ ಪ್ರಾರ್ಥನಾವಿಧಿಯನ್ನ ಹೊಸದಾಗಿ ತಂದಾಗ 58, 83, 109ನೇ ಕೀರ್ತನೆಗಳನ್ನ ಅದರಲ್ಲಿ ಸೇರಿಸಲಿಲ್ಲ. ಅವನ್ನ ಚರ್ಚ್‌ನಲ್ಲಿ ಹಾಡಿ ಅಂತ ನಾನೂ ಹೇಳ್ತಿಲ್ಲ. ಆದ್ರೆ ಯಾರ ಮೇಲಾದ್ರೂ ಹೊಟ್ಟೆ ಉರಿದಾಗ ಅದನ್ನ ಸ್ಟೇಟಸ್‌ಗೆ ಹಾಕೋದಕ್ಕಿಂತ ದೇವರ ಮುಂದೆ ಸುರಿದು ಬರೋದು ಮೇಲು. ಅಲ್ಲಿ ಸ್ಕ್ರೀನ್‌ಶಾಟ್ ತೆಗೆಯೋರು ಇಲ್ಲ.

"ನಾನು ಖುಷಿಯಾಗಿದ್ದೀನಿ, ಅಳೋ ಕೀರ್ತನೆ ಯಾಕೆ ಓದ್ಲಿ?" ಇದು ಇನ್ನೊಬ್ಬಳ ಪ್ರಶ್ನೆ. ಇದಕ್ಕೆ ಉತ್ತರ ನನಗೆ ತಡವಾಗಿ ಹೊಳೀತು. ನಾನು ಪ್ರಾರ್ಥನೆ ಬಿಟ್ಟಿದ್ದ ಆ ಮೂರು ವಾರದಲ್ಲಿ ಮೂರು ಶುಕ್ರವಾರ ಬಂದಿದ್ವು. ಮೂರೂ ರಾತ್ರಿ ಚಿಕ್ಕಮ್ಮನ ಕಾನ್ವೆಂಟಲ್ಲಿ, ಎಲ್ಲೆಲ್ಲೋ ಇರೋ ಮಠಗಳಲ್ಲಿ, ನನ್ನ ಹೆಸರೂ ಗೊತ್ತಿಲ್ಲದವರು ನನ್ನ ಸಿಟ್ಟನ್ನ, ನನ್ನ ಕತ್ತಲನ್ನ ದೇವರ ಮುಂದೆ ಓದಿದ್ರು. ನಾನು ಸುಮ್ಮನಿದ್ದೆ, ನನ್ನ ಪ್ರಾರ್ಥನೆ ನಿಂತಿರಲಿಲ್ಲ.

ಹಾಗಾಗಿ ಖುಷಿಯಾಗಿರೋ ದಿನ ಅಳುವಿನ ಕೀರ್ತನೆ ಬಂದ್ರೆ ಓದಿ. ಅದು ಇವತ್ತು ಯಾವುದೋ ಆಸ್ಪತ್ರೆಯ ಕಾರಿಡಾರ್‌ನಲ್ಲಿ ಕೂತಿರೋ ಇನ್ನೊಬ್ಬಳ ಸರದಿ.

ಪೂರ್ತಿ 150 ಓದ್ಬೇಕಾ ಅಂತ ಗಾಬರಿ ಬೇಡ. ಆರನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠದವರಿಗೆ ವಾರಕ್ಕೆ 150 ಅಂತ ಇಟ್ಟಿದ್ರು, ಈಗಿನ ಪ್ರಾರ್ಥನಾವಿಧಿ ನಾಲ್ಕು ವಾರಕ್ಕೆ ಹಂಚಿದೆ. ಓದು ಬಾರದ ಜನ ಹಿಂದೆ 150 ಕೀರ್ತನೆಗೆ ಬದಲಾಗಿ 150 ಸಲ ನಮೋ ಮರಿಯಾ ಹೇಳ್ಕೊಂಡ್ರು. ನಮ್ಮ ಅಜ್ಜಿಯರ ಕೈಯಲ್ಲಿರೋ ಜಪಸರದ ಹಿಂದೆ ಈ ಲೆಕ್ಕ ಇದೆ.

ನೀವು ದಿನಕ್ಕೆ ಒಂದೇ ಒಂದು ಓದಿ. ನಿಧಾನವಾಗಿ, ಬಾಯಿಬಿಟ್ಟು. ಸಾಲಿನ ಮಧ್ಯೆ ಒಂದು ಉಸಿರು ನಿಲ್ಲಿಸಿ. ಮನೇಲಿ ಇನ್ನೊಬ್ಬರಿದ್ರೆ ಅವರೊಂದು ಸಾಲು, ನೀವೊಂದು ಸಾಲು. ಈಗ ಅಮ್ಮ, ನಾನು ಹಾಗೇ ಮಾಡ್ತೀವಿ. ಕೆಲವು ದಿನ ಅಮ್ಮನ ಸಾಲು ಬರಲ್ಲ, ಅವತ್ತು ನಾನೇ ಎರಡೂ ಓದ್ತೀನಿ.

ಗಾನವೃಂದದಲ್ಲಿರೋ ನನ್ನ ಗೆಳೆಯರಿಗೆ ಒಂದು ಮನವಿ. ಮುಂದಿನ ಭಾನುವಾರದ ಕೀರ್ತನೆ ಡಲ್ ಅನ್ಸಿದ್ರೂ ದಯವಿಟ್ಟು ತೆಗೀಬೇಡಿ. ಆವತ್ತು ಮೂರನೇ ಬೆಂಚಲ್ಲಿ ಕೂತಿರೋ ಯಾರಿಗೋ ಬೇಕಾಗಿರೋದು ಅದೊಂದೇ ಇರಬಹುದು.

ಈಗ ನಿಮ್ಮ ಸರದಿ. ಕಷ್ಟದಲ್ಲಿದ್ದೀರಾ? ಕಥೆ ಹೇಳ್ಬೇಕಾಗಿಲ್ಲ. ಕೀರ್ತನೆಗಳನ್ನ ತಿರುವಿ ಹಾಕಿ, ನಿಮ್ಮ ಇವತ್ತಿನ ಮನಸ್ಸಿಗೆ ಹತ್ತಿರವಾದ ಕೀರ್ತನೆಯ ನಂಬರ್ ಮಾತ್ರ ಕಾಮೆಂಟ್‌ನಲ್ಲಿ ಹಾಕಿ. ರಾತ್ರಿ ಅಮ್ಮ, ನಾನು ಅದನ್ನೇ ಓದ್ತೀವಿ.

#ಭಾನುವಾರದಮಾತು #ಕೀರ್ತನೆಗಳು #ಕನ್ನಡಕಥೋಲಿಕ