ಜಠರದಲ್ಲಿ ಮುಗಿಯದ ಕದನ

ಜಠರರಸದ ಉಗ್ರ ಆಮ್ಲದಲ್ಲಿ ಯಾವ ಸೂಕ್ಷ್ಮಜೀವಿಯೂ ನೆಲೆನಿಲ್ಲಲಾರದೆಂಬ ನಂಬಿಕೆ ವೈದ್ಯರಲ್ಲಿ ಬಹುಕಾಲ ಬೇರೂರಿದ್ದಿತು. 1982ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದ ರಾಬಿನ್ ವಾರೆನ್, ಬ್ಯಾರಿ ಮಾರ್ಷಲ್ ಎಂಬ ವೈದ್ಯರಿಬ್ಬರು ಜಠರದಲ್ಲಿ ವಾಸಿಸುವ ಸುರುಳಿಯಾಕಾರದ ಜೀವಿಯೊಂದನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ತೋರಿಸಿದರು. ಮಾರ್ಷಲ್ ಮಹಾಶಯರಂತೂ 1984ರಲ್ಲಿ ಅದನ್ನು ತಾವೇ ಕುಡಿದು ಜಠರದ ಉರಿಯೂತವನ್ನು ಬರಮಾಡಿಕೊಂಡರು! ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಈ ಜೀವಿಯನ್ನು 1994ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅರ್ಬುದಕಾರಕಗಳ ಪಟ್ಟಿಗೆ ಸೇರಿಸಿತು.

ಆದರೆ ರೋಗಾಣುವೇ ಅರ್ಬುದವನ್ನು ತರುತ್ತದೆ ಎಂಬ ಮಾತು ಅರ್ಧ ಸತ್ಯವೆಂದು ನಮ್ಮ ಅಭಿಪ್ರಾಯ. ಉಳಿದರ್ಧ ನಮ್ಮ ದೇಹದ ಕಾವಲುಗಾರರದು.

ಈ ಜೀವಿಯು ಯೂರಿಯವನ್ನು ಒಡೆದು ತನ್ನ ಸುತ್ತ ಅಮೋನಿಯ ಉಂಟುಮಾಡಿಕೊಂಡು ಆಮ್ಲದಿಂದ ಪಾರಾಗುತ್ತದೆ. ಬಳಿಕ ಲೋಳೆಯ ಪದರದಲ್ಲಿ ಅಡಗುತ್ತದೆ. ಇದರ ಕೆಲವು ತಳಿಗಳು ಜಠರದ ಜೀವಕೋಶಗಳೊಳಕ್ಕೆ ಕ್ಯಾಗ್-ಎ ಎಂಬ ಪ್ರೋಟೀನನ್ನು ಚುಚ್ಚುತ್ತವೆ. ಗಾಸಿಗೊಂಡ ಕೋಶಗಳು ರಾಸಾಯನಿಕ ಸಂಕೇತಗಳಿಂದ ಮೊರೆಯಿಡುತ್ತವೆ. ಬಿಳಿಯ ರಕ್ತಕಣಗಳು ಧಾವಿಸಿ ಬರುತ್ತವೆ. ಲೋಳೆಯಲ್ಲಿ ಅವಿತ ಶತ್ರುವನ್ನು ಅವು ನಿರ್ಮೂಲಮಾಡಲಾರವು. ಅವು ಸೂಸುವ ತೀಕ್ಷ್ಣ ಆಮ್ಲಜನಕ ಸಂಯುಕ್ತಗಳು ನಮ್ಮ ಕೋಶಗಳ ಡಿ.ಎನ್.ಎ.ಯನ್ನೇ ಕೆಡಿಸುತ್ತವೆ. ಇಲಿಯ ಮೇಲಿನ ಕೋಪಕ್ಕೆ ಮನೆಗೆ ಬೆಂಕಿಯಿಟ್ಟಂತಾಯಿತು. ಅದೂ ಒಂದು ದಿನವಲ್ಲ, ಹತ್ತಾರು ವರ್ಷ!

ಆ ಸಂಕೇತಗಳಲ್ಲೊಂದಾದ ಇಂಟರ್‌ಲ್ಯೂಕಿನ್-1 ಬೀಟಾ ಎಂಬುದು ಉರಿಯೂತವನ್ನು ಕೆರಳಿಸುವುದಲ್ಲದೆ ಆಮ್ಲದ ಸ್ರಾವವನ್ನೂ ತಗ್ಗಿಸುತ್ತದೆ. ಇದರ ಜೀನಿನ ಕೆಲವು ರೂಪಗಳನ್ನು ಪಡೆದು ಹುಟ್ಟಿದವರಿಗೆ ಅಪಾಯ ಹೆಚ್ಚೆಂದು 2000ದಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಕ್ರಮೇಣ ಆಮ್ಲಗ್ರಂಥಿಗಳು ಕ್ಷಯಿಸಿ, ಅವುಗಳ ಎಡೆಯಲ್ಲಿ ಕರುಳಿನಂತಹ ಕೋಶಗಳು ತಲೆದೋರುತ್ತವೆ, ಕೊನೆಗೆ ಅರ್ಬುದ. ಈ ಮೆಟ್ಟಲುಗಳನ್ನು ಪೆಲಾಯೊ ಕೊರಿಯ ಎಂಬ ವಿದ್ವಾಂಸರು ಗುರುತಿಸಿದರು. ವಿಚಿತ್ರವೆಂದರೆ, ಹೀಗೆ ಹಾಳಾದ ಜಠರದಲ್ಲಿ ಕೆಲವೊಮ್ಮೆ ರೋಗಾಣುವೇ ಬಾಳಲಾರದೆ ಮಾಯವಾಗುತ್ತದೆ. ಕೇಡು ಮಾತ್ರ ಉಳಿಯುತ್ತದೆ.

ಆದಕಾರಣ ಚಿಕಿತ್ಸೆಗೆ ಸಕಾಲವೆಂಬುದುಂಟು. ಕೊರಿಯ ದೇಶದಲ್ಲಿ ಜಠರದ ಅರ್ಬುದಕ್ಕೆ ತುತ್ತಾದವರ ತಂದೆತಾಯಿ, ಒಡಹುಟ್ಟಿದವರು ಮತ್ತು ಮಕ್ಕಳಲ್ಲಿ ಸೋಂಕಿದ್ದ 1,676 ಮಂದಿಯನ್ನು ಸುಮಾರು 9 ವರ್ಷ ಗಮನಿಸಿದ ಪ್ರಯೋಗವು 2020ರಲ್ಲಿ ಪ್ರಕಟವಾಯಿತು. ರೋಗಾಣುನಾಶಕ ಔಷಧಿ ಪಡೆದವರಲ್ಲಿ ನೂರಕ್ಕೆ 1.2 ಮಂದಿಗೆ, ಹುಸಿಮಾತ್ರೆ ಪಡೆದವರಲ್ಲಿ 2.7 ಮಂದಿಗೆ ಅರ್ಬುದ ತಗಲಿದ್ದಿತು.

ಹಾಗೆಂದು ಸೋಂಕಿರುವ ಸರ್ವರಿಗೂ ಔಷಧಿ ಹಂಚಬೇಕೆಂದು ನಾವು ಹೇಳುವುದಿಲ್ಲ. ಸೋಂಕಿತರಲ್ಲಿ ಬಹುಪಾಲು ಜನರಿಗೆ ಅರ್ಬುದ ಬರುವುದೇ ಇಲ್ಲ. ಔಷಧಿಗೆ ಜಗ್ಗದ ತಳಿಗಳೂ ಹೆಚ್ಚುತ್ತಿವೆ. ಆದರೆ ರೋಗಿಯ ಹತ್ತಿರದ ರಕ್ತಸಂಬಂಧಿಗಳನ್ನು ಪರೀಕ್ಷಿಸದೆ ಬಿಡುವುದು ನಮಗೆ ಸರಿಕಾಣದು. ಪರೀಕ್ಷೆ ಕಷ್ಟವಾದುದೇನಲ್ಲ, ಉಸಿರಿನಿಂದಲೇ ಪತ್ತೆಮಾಡಬಹುದು. ಹೊಟ್ಟೆಯುರಿಗೆಂದು ಅಂಗಡಿಯಿಂದ ಆಮ್ಲಶಾಮಕ ಮಾತ್ರೆಗಳನ್ನು ತಂದು ನುಂಗುತ್ತಿರುವ ವಾಚಕರು ಆ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಓಮೆಪ್ರಜೋಲ್ ಮೊದಲಾದ ಮಾತ್ರೆಗಳನ್ನು ಎರಡು ವಾರ ಮುಂಚಿತವಾಗಿ ನಿಲ್ಲಿಸದಿದ್ದರೆ, ಇರುವ ಸೋಂಕೂ ಇಲ್ಲವೆಂದು ಕಾಣಬಹುದು.