ಸೇವೆಯೂ ಸ್ವಾತಂತ್ರ್ಯವೂ: ಅಗಲಿದ ಅತ್ತೆಯ ನೆನಪಿನಲ್ಲಿ

ನವೆಂಬರ್ ತಿಂಗಳನ್ನು ಧರ್ಮಸಭೆಯು ಅಗಲಿದವರ ಸ್ಮರಣೆಗೆಂದು ಮೀಸಲಿರಿಸಿದೆ. ಎರಡನೆಯ ತಾರೀಖಿನಂದು ನಾವು ಸಮಾಧಿಗಳ ಸುತ್ತ ಬೆಳೆದ ಕಳೆಯನ್ನು ಕಿತ್ತು, ಕಲ್ಲನ್ನು ತೊಳೆದು, ಸುಣ್ಣ ಬಳಿದು, ಹೂವಿರಿಸಿ ಮೇಣದ ಬತ್ತಿ ಹಚ್ಚುತ್ತೇವೆ. ಇದು ಒಳ್ಳೆಯ ಸಂಪ್ರದಾಯ. ಆದರೆ ಸುಣ್ಣ ಬಳಿಯುವ ಕೆಲಸವು ಕಲ್ಲಿನೊಂದಿಗೆ ಮುಗಿಯುವುದಿಲ್ಲ ಎಂಬುದೇ ಇಂದಿನ ಚಿಂತನೆಗೆ ಕಾರಣ. ಅಗಲಿದವರ ಬದುಕಿಗೂ ನಾವು ಸುಣ್ಣ ಬಳಿಯುತ್ತೇವೆ. ಅವರ ನಗು, ಸಿಟ್ಟು, ಹಠಗಳೆಲ್ಲ ಒಂದೇ ಬಿಳುಪಿನಲ್ಲಿ ಮರೆಯಾಗುತ್ತವೆ. ಈ ತಪ್ಪನ್ನು ಸ್ವತಃ ನಾನೇ ಮಾಡಿದ್ದೇನೆ, ಆದುದರಿಂದಲೇ ಬರೆಯುತ್ತಿದ್ದೇನೆ.

ಕಳೆದ ಮಳೆಗಾಲದಲ್ಲಿ ತ್ಯಾವಣಿಗೆಯ ನನ್ನ ಸೋದರತ್ತೆ ಎಂಬತ್ತರ ಗಡಿ ದಾಟಿ ದೈವಾಧೀನರಾದರು. ಅಂತ್ಯಕ್ರಿಯೆಯ ಬಲಿಪೂಜೆಯಲ್ಲಿ ಪ್ರಬೋಧನೆ ಮಾಡುವ ಹೊಣೆ ನನ್ನದಾಯಿತು. ಅವರು ವಿನಯಶೀಲೆ, ವಿಧೇಯೆ, ತನಗಾಗಿ ಏನನ್ನೂ ಬಯಸದ ಮೌನ ಸೇವಕಿ ಎಂದೆಲ್ಲ ಹೇಳಿದೆ. ಹಲವರು ಕಣ್ಣೊರೆಸಿಕೊಂಡರು. ಮಣ್ಣು ಕೊಟ್ಟು ಹಿಂತಿರುಗುವಾಗ, ಬಹುಕಾಲ ನಾಟಿ ಕೆಲಸ ಮಾಡಿದ ವೃದ್ಧೆಯೊಬ್ಬರು ನನ್ನ ಬಳಿ ಬಂದು, "ಸ್ವಾಮೇರೇ, ಚೆಂದಾಗಿ ಹೇಳಿದ್ರಿ. ಆದ್ರೆ ಬೇರೆ ಯಾರ್ದೋ ವಿಷಯ ಹೇಳ್ದಂಗಿತ್ತು. ನಮ್ಮ ಅಕ್ಕ ಹಂಗಿರ್ಲಿಲ್ಲ" ಎಂದರು. ಆ ಮಾತು ಈವರೆಗೂ ನನ್ನನ್ನು ಬಿಟ್ಟಿಲ್ಲ.

ಹಾಗಾದರೆ ಅವರು ಹೇಗಿದ್ದರು?

ಲಕ್ಕವಳ್ಳಿಯ ಬಳಿ ಭದ್ರಾ ಅಣೆಕಟ್ಟಿನ ಕೆಲಸ 1947ರಲ್ಲಿ ಆರಂಭವಾಗಿ 1965ರಲ್ಲಿ ಮುಗಿಯಿತು. ಕಾಲುವೆಯ ಮಣ್ಣು ಕೆಲಸಕ್ಕೆಂದು ದೂರದಿಂದ ಬಂದ ಕುಟುಂಬಗಳಲ್ಲಿ ನನ್ನ ಅಜ್ಜನದೂ ಒಂದು. ನೀರು ಬಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಅಜ್ಜ ಅಲ್ಲಿಯೇ ನೆಲೆನಿಂತರು. ಆಗ ಚನ್ನಗಿರಿ ತಾಲ್ಲೂಕು ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಗುವವರೆಗೂ, ದಾವಣಗೆರೆ ಹತ್ತಿರವಿದ್ದರೂ, ಜಿಲ್ಲಾ ಕಚೇರಿಯ ಒಂದು ಸಹಿಗಾಗಿ ಜನರು ಶಿವಮೊಗ್ಗಕ್ಕೆ ಹೋಗಿಬರಬೇಕಿತ್ತು. ಆ ಪ್ರಯಾಣಕ್ಕೆ ಧೈರ್ಯವಿಲ್ಲದವರ ಪರವಾಗಿ ಅರ್ಜಿ ಹಿಡಿದು ಹೋಗುತ್ತಿದ್ದವರು ಅತ್ತೆ.

ಕಾಲುವೆಯ ಏರಿಯ ಮೇಲೆಯೇ ಅವರು ಸೈಕಲ್ ಕಲಿತರು. ಅದೂ ಗಂಡಸರ ಸೈಕಲ್. ಊರು ನಕ್ಕಿತು. ಅವರು ಊರಿಗಿಂತ ಜೋರಾಗಿ ನಕ್ಕರು. ಎರಡು ಬಾರಿ ಮದುವೆ ಗೊತ್ತಾಗಿ, ಎರಡು ಬಾರಿಯೂ ಒಲ್ಲೆನೆಂದರು. "ಹಾಗಾದರೆ ಕನ್ಯಾಮಠಕ್ಕೆ ಸೇರು" ಎಂದು ಮನೆಯವರು ಒತ್ತಾಯಿಸಿದಾಗ, "ದೇವರು ನನ್ನನ್ನ ಅಲ್ಲಿಗೂ ಕರೆದಿಲ್ಲ. ಕರೆದ್ರೆ ನಿಮಗಿಂತ ಮೊದಲು ನನಗೇ ಕೇಳಿಸ್ತದೆ" ಎಂದರಂತೆ. ನಮ್ಮ ಸಮುದಾಯವು ಹೆಣ್ಣುಮಗಳ ಮುಂದೆ ಎರಡೇ ಬಾಗಿಲುಗಳನ್ನು ಇರಿಸಿತ್ತು. ಅತ್ತೆ ಎರಡನ್ನೂ ಬಿಟ್ಟು ಅಂಗಳದಲ್ಲಿಯೇ ಉಳಿದರು. ಆ ಅಂಗಳವೇ ಅವರ ಸೇವಾಕ್ಷೇತ್ರವಾಯಿತು.

ಹೊಲಿಗೆಯಿಂದ ಜೀವನ ನಡೆಯುತ್ತಿತ್ತು. ಉಳಿದ ಹೊತ್ತೆಲ್ಲ ಊರಿಗೆ ಸೇರಿದ್ದು. ರಾತ್ರಿ ಹೆರಿಗೆ ನೋವು ಕಾಣಿಸಿಕೊಂಡರೆ ಮೊದಲು ತಟ್ಟುತ್ತಿದ್ದುದು ನಮ್ಮ ಮನೆಯ ಕದವನ್ನು. ಗಾಡಿಯೋ ಟೆಂಪೋವೋ ಗೊತ್ತುಮಾಡಿ, ಗರ್ಭಿಣಿಯನ್ನು ದಾವಣಗೆರೆಯ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಆರಂಭವಾಗಿ, ಮುಂದಿನ ವರ್ಷಗಳಲ್ಲಿ ಹಳ್ಳಿಹಳ್ಳಿಗೂ ಅಕ್ಷರದ ಆಂದೋಲನ ಬಂದಾಗ, ನಾಟಿ ಹೆಂಗಸರಿಗಾಗಿ ರಾತ್ರಿ ಶಾಲೆ ತೆರೆದರು. ಪಾಠಪುಸ್ತಕವನ್ನು ಬದಿಗಿರಿಸಿ ಬಸ್ಸಿನ ಬೋರ್ಡಿನಿಂದ ಕಲಿಸತೊಡಗಿದರು: ಚನ್ನಗಿರಿ, ದಾವಣಗೆರೆ, ಬಸವಾಪಟ್ಟಣ, ಸಂತೇಬೆನ್ನೂರು. "ಯಾವ ಬಸ್ಸು ಎಲ್ಲಿಗೆ ಹೋಗ್ತದೆ ಅಂತ ಗೊತ್ತಾದ್ರೆ ಹೆಂಗಸು ಯಾರನ್ನೂ ಕೇಳಬೇಕಿಲ್ಲ" ಎಂಬುದು ಅವರ ಶಿಕ್ಷಣತತ್ತ್ವ.

ಅಕ್ಷರದ ಬಳಿಕ ಲೆಕ್ಕ. ನಾಟಿ ಕೂಲಿ ಎಕರೆ ಲೆಕ್ಕದ ಗುತ್ತಿಗೆ. ನಲವತ್ತು ಗುಂಟೆಗೆ ಒಂದು ಎಕರೆ. ಆದರೆ ಗದ್ದೆಯನ್ನು ಅಳೆಯುವವರು ಯಾರು? ಅತ್ತೆ ಹಗ್ಗಕ್ಕೆ ಗಂಟು ಹಾಕಿ, ಗುಂಟೆ ಅಳೆಯುವುದನ್ನು ಕಲಿಸಿದರು. ಒಂದು ಗದ್ದೆಯಲ್ಲಿ 'ಒಂದು ಎಕರೆ' ಎಂದದ್ದು 46 ಗುಂಟೆ ಎಂದು ಗೊತ್ತಾದಾಗ ಊರಿನಲ್ಲಿ ದೊಡ್ಡ ಗಲಾಟೆಯಾಯಿತು. ಹಿರಿಯರು ಮನೆಗೆ ಬಂದು ನನ್ನ ತಂದೆಗೆ ಬುದ್ಧಿ ಹೇಳಿಹೋದರು. ಮರುದಿನವೂ ಹಗ್ಗ ಗದ್ದೆಗೆ ಹೋಯಿತು. ಇಂಥವರನ್ನು ನಾನು 'ಮೌನ ಸೇವಕಿ' ಎಂದೆ!

1995ರಿಂದ ಪಲ್ಸ್ ಪೋಲಿಯೋ ಭಾನುವಾರಗಳು ಬಂದವು. ಬೆಳಗಿನ ಪ್ರಾರ್ಥನೆ ಮುಗಿಸಿ, ಲಸಿಕೆಯ ಪೆಟ್ಟಿಗೆಯನ್ನು ಹೆಗಲಿಗೇರಿಸಿ ತೋಟದ ಮನೆಗಳಿಗೆ ಹೊರಡುತ್ತಿದ್ದರು. 2014ರ ಮಾರ್ಚ್ 27ರಂದು ಭಾರತವು ಪೋಲಿಯೋಮುಕ್ತವೆಂದು ಪ್ರಮಾಣಿತವಾದ ಸುದ್ದಿಯ ಪತ್ರಿಕಾ ತುಣುಕು, ಅವರು ತೀರಿಕೊಂಡ ಮೇಲೆ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ನಮಗೆ ಸಿಕ್ಕಿತು. ದೇಶದ ಆ ಗೆಲುವಿನಲ್ಲಿ ತನಗೂ ಪಾಲಿದೆ ಎಂದು ಅವರಿಗೆ ತಿಳಿದಿತ್ತು. ತನಗಾಗಿ ಏನನ್ನೂ ಬಯಸಲಿಲ್ಲ ಎಂಬ ನನ್ನ ಮಾತು ಅಲ್ಲಿಯೂ ಸುಳ್ಳಾಯಿತು.

ಇಲ್ಲಿ ನನ್ನ ಒಂದು ಪಾಪನಿವೇದನೆಯೂ ಇದೆ. ನಾನು ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ ಅತ್ತೆ ಒಮ್ಮೆ ನನ್ನನ್ನು ಕಾಣಲು ಬಂದರು. ಬಾಯಲ್ಲಿ ಎಲೆ ಅಡಿಕೆ, ಕೈಯಲ್ಲಿ ಬುತ್ತಿಗಂಟು, ಪಡಸಾಲೆ ತುಂಬುವ ನಗು. "ಅವರು ಯಾರು?" ಎಂದು ಸಹಪಾಠಿಯೊಬ್ಬ ಕೇಳಿದಾಗ, "ನಮ್ಮ ಊರಿನವರು" ಎಂದೆ. ಪೇತ್ರನಿಗಾದರೋ ಕೋಳಿ ಕೂಗಿ ಎಚ್ಚರಿಸಿತು. ನನಗೆ ಎಚ್ಚರವಾಗಲು ಮೂವತ್ತು ವರ್ಷಗಳೂ ಒಂದು ಸಾವೂ ಬೇಕಾದವು.

ಆ ದಿನಗಳಲ್ಲಿ ನಾನು ಕಾಂಟನನ್ನು ಓದುತ್ತಿದ್ದೆ. 1785ರ ತನ್ನ ನೀತಿಮೀಮಾಂಸೆಯ ಗ್ರಂಥದಲ್ಲಿ ಆತನು, ಸ್ವಭಾವತಃ ದಯಾಳುವಾದವನು ಸಂತೋಷದಿಂದ ಮಾಡಿದ ಉಪಕಾರಕ್ಕಿಂತ, ಒಲವಿಲ್ಲದಿದ್ದರೂ ಕರ್ತವ್ಯವೆಂದು ಮಾಡಿದ ಉಪಕಾರದಲ್ಲಿಯೇ ನೈತಿಕ ಮೌಲ್ಯವು ಸ್ಪಷ್ಟವಾಗಿ ಕಾಣುವುದೆಂದು ವಾದಿಸುತ್ತಾನೆ. ರಜೆಯಲ್ಲಿ ಊರಿಗೆ ಹೋದಾಗ ಅತ್ತೆಯನ್ನು ಕೇಳಿದೆ: "ಇಷ್ಟೆಲ್ಲ ಯಾಕೆ ಮಾಡ್ತೀರಿ ಅತ್ತೆ? ಕರ್ತವ್ಯ ಅಂತಲೋ, ದೇವರು ನೋಡ್ತಾನೆ ಅಂತಲೋ?" ಅವರು ಸೂಜಿಗೆ ದಾರ ಪೋಣಿಸುತ್ತಲೇ, "ನನಗೆ ಬೇಕು ಅಂತ ಮಾಡ್ತೀನಪ್ಪ. ಮನೇಲಿ ಕೂತ್ರೆ ಜೀವ ನಿಲ್ಲಲ್ಲ" ಎಂದರು. ಅಂದು ಅದು ತತ್ತ್ವಜ್ಞಾನವಿಲ್ಲದವರ ಉತ್ತರವೆನಿಸಿತು. ಆದರೆ ಕಾಂಟನಿಗಿಂತ ಎರಡು ಸಾವಿರ ವರ್ಷ ಮೊದಲೇ ಅರಿಸ್ಟಾಟಲನು, ಸತ್ಕಾರ್ಯದಲ್ಲಿ ಸಂತೋಷ ಕಾಣದವನು ಸಜ್ಜನನೇ ಅಲ್ಲ ಎಂದಿದ್ದನು. ಸಂತ ಥಾಮಸ್ ಅಕ್ವಿನಾಸರು ಆ ದಾರಿಯಲ್ಲಿಯೇ ನಡೆದರು. ಸದ್ಗುಣವು ನೆಲೆಗೊಂಡಲ್ಲಿ ಒಳಿತು ಹೊರೆಯಾಗುವುದಿಲ್ಲ. ನಮ್ಮ ನಾಡಿನ ಶರಣರು ಕಾಯಕವೆಂದು ಕರೆದುದರ ಮರ್ಮವೂ ಇದಕ್ಕೆ ದೂರವಲ್ಲ. ಅತ್ತೆಯ ಸ್ವಾತಂತ್ರ್ಯವೂ ಸೇವೆಯೂ ಎರಡಲ್ಲ. ಒಂದನ್ನು ಅಳಿಸಿ ಮತ್ತೊಂದನ್ನು ಹೊಗಳಲು ಬರುವುದಿಲ್ಲ.

ಹಾಗೆಂದು ಅವರನ್ನು ಸಂತರನ್ನಾಗಿ ಮಾಡಿದರೆ ಮತ್ತೆ ಸುಣ್ಣ ಬಳಿದಂತೆಯೇ. ಅವರ ನಾಲಿಗೆ ಹರಿತ. ಪ್ರಬೋಧನೆ ದೀರ್ಘವಾದರೆ ಎದ್ದು ಹೊರಗೆ ಹೋಗಿ ನಿಲ್ಲುತ್ತಿದ್ದರು. ಇದಕ್ಕಿಂತ ಮುಖ್ಯವಾದ ಮತ್ತೊಂದು ಸತ್ಯವಿದೆ. ರಾತ್ರಿ ಹತ್ತಕ್ಕೆ ಅವರು ಯಾರನ್ನೋ ಮನೆಗೆ ಕರೆತಂದಾಗ ಒಲೆ ಹಚ್ಚಿ ಮುದ್ದೆ ತಿರುವುತ್ತಿದ್ದವರು ನನ್ನ ತಾಯಿ. ಅತ್ತೆ ಊರು ಸುತ್ತಿದ ದಿನಗಳಲ್ಲಿ ಮನೆಯ ಕೆಲಸವೆಲ್ಲ ತಾಯಿಯ ಮೇಲೆಯೇ ಬೀಳುತ್ತಿತ್ತು. ತಾಯಿಯ ಕಣ್ಣೀರನ್ನು ನಾನು ಕಂಡಿದ್ದೇನೆ. ಒಬ್ಬರ ಸ್ವಾತಂತ್ರ್ಯಕ್ಕೆ ಮತ್ತೊಬ್ಬರು ಬೆಲೆ ತೆರುವುದುಂಟು. ಆ ಬೆಲೆಯನ್ನು ನೆನೆಯದ ಸ್ಮರಣೆ ಅರ್ಧ ಸ್ಮರಣೆ. ಕೊನೆಗಾಲದಲ್ಲಿ ಅತ್ತೆಯೇ, "ನಾನು ಓಡಾಡಿದ್ದು ನಿಮ್ಮಮ್ಮನ ಕಾಲಲ್ಲಿ" ಎಂದು ಹೇಳಿದರು. ಅದನ್ನು ಕೇಳಲು ತಾಯಿ ಬದುಕಿರಲಿಲ್ಲ.

ನಮ್ಮ ತಾಲ್ಲೂಕಿನ ಸೂಳೆಕೆರೆಯ ಕಥೆ ಎಲ್ಲರಿಗೂ ಗೊತ್ತು. ತನ್ನವರ ನಿಂದೆಗೆ ಗುರಿಯಾದ ಶಾಂತವ್ವ ಆ ಮಹಾಕೆರೆಯನ್ನು ಕಟ್ಟಿಸಿದಳೆಂದು ಜನಪದರು ಹೇಳುತ್ತಾರೆ. ಶಾಂತಿಸಾಗರವೆಂಬ ಹೆಸರಿದ್ದರೂ ನಿಂದೆಯ ಹೆಸರೇ ನಾಲಿಗೆಯಲ್ಲಿ ಉಳಿಯಿತು. ನೀರನ್ನಂತೂ ಎಲ್ಲರೂ ಕುಡಿದರು. ಬದುಕಿದ್ದಾಗ ನಿಂದೆ, ಸತ್ತ ಮೇಲೆ ಸುಣ್ಣ: ಸ್ವತಂತ್ರ ಸ್ವಭಾವದ ಹೆಣ್ಣಿಗೆ ಸಮಾಜ ಕೊಡುವುದು ಇವೆರಡನ್ನೇ ಏನು?

ಎರಡನೆಯ ವ್ಯಾಟಿಕನ್ ಮಹಾಸಭೆಯು ಶ್ರೀಸಾಮಾನ್ಯರ ಪ್ರೇಷಿತಕಾರ್ಯವನ್ನು ಕುರಿತ ತನ್ನ ಶಾಸನವನ್ನು 1965ರ ನವೆಂಬರ್ 18ರಂದು ಹೊರಡಿಸಿತು. ಭದ್ರೆಯ ಅಣೆಕಟ್ಟು ಮುಗಿದದ್ದೂ ಅದೇ ವರ್ಷ. ಅಣೆಕಟ್ಟಿನ ನೀರು ಕಾಲುವೆಯ ಕೊನೆಯ ಭಾಗದ ಗದ್ದೆಗೆ ತಲಪುವುದು ಎಷ್ಟು ಕಷ್ಟವೆಂದು ನಮ್ಮ ರೈತರಿಗೆ ಗೊತ್ತು. ಮಹಾಸಭೆಯ ನೀರೂ ಹಾಗೆಯೇ. 1983ರ ಧರ್ಮಸಭಾ ಕಾನೂನು ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಲೇಬೇಕೆಂದು ವಿಧಿಸಿದೆ. ಅದು ಗಂಡಸರ ಸಮಿತಿಯೆಂದು ಎಲ್ಲಿಯೂ ಹೇಳಿಲ್ಲ. ಗದ್ದೆಯ ಗುಂಟೆಯನ್ನು ಅಳೆದು ತೋರಿಸಿದ ಮಹಿಳೆಯನ್ನು ಹಬ್ಬದ ಅಡುಗೆಗೆ ಕರೆದೆವು, ಪೀಠದ ಬಟ್ಟೆ ಹೊಲಿಯಲು ಕರೆದೆವು. ಲೆಕ್ಕ ನೋಡಲು ಒಮ್ಮೆಯೂ ಕರೆಯಲಿಲ್ಲ. 'ನಾವು' ಎನ್ನುವಾಗ ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಮುಪ್ಪಿನ ಪ್ರಶ್ನೆಯೂ ಇದೆ. ಸಂಬಳವಿಲ್ಲದೆ ದುಡಿದವರಿಗೆ ನಿವೃತ್ತಿ ವೇತನವೂ ಇಲ್ಲ. 2013ರಲ್ಲಿ ರಾಜ್ಯ ಸರ್ಕಾರವು ಅವಿವಾಹಿತ ಹಾಗೂ ವಿಚ್ಛೇದಿತ ಮಹಿಳೆಯರಿಗಾಗಿ ಮನಸ್ವಿನಿ ಯೋಜನೆಯನ್ನು ತಂದಾಗ ಅತ್ತೆಗೆ ಅದರ ವಯೋಮಿತಿ ಮೀರಿತ್ತು. "ನನ್ನಂಥೋರು ಇದ್ದಾರೆ ಅಂತ ಸರ್ಕಾರಕ್ಕೆ ಗೊತ್ತಾಗೋಷ್ಟ್ರಲ್ಲಿ ನನಗೆ ಎಪ್ಪತ್ತಾಯ್ತು ನೋಡು" ಎಂದು ನಕ್ಕು, ಮತ್ತೊಬ್ಬಾಕೆಯ ಅರ್ಜಿ ತುಂಬಲು ಕುಳಿತರು. ನಮ್ಮ ಧರ್ಮಕೇಂದ್ರಗಳಲ್ಲಿ ಇಂಥ ಎಷ್ಟು ಮಂದಿ ಒಂಟಿಯಾಗಿ ಮುಪ್ಪನ್ನು ಎದುರಿಸುತ್ತಿದ್ದಾರೆ? ಸಮಾಧಿಯ ಹೂವಿಗೆ ಹಣ ಎತ್ತುವ ಮುನ್ನ ಅವರ ಔಷಧಿಯ ಚೀಟಿಯನ್ನು ಕೇಳುವುದು ಈ ನವೆಂಬರಿನ ಧರ್ಮಕಾರ್ಯವಾಗಲಿ.

ಪ್ರೇಷಿತರ ಕಾರ್ಯಕಲಾಪಗಳಲ್ಲಿ ಜೊಪ್ಪ ಪಟ್ಟಣದ ತಬಿಥಾಳ ಪ್ರಸಂಗವಿದೆ. ಆಕೆ ತೀರಿಕೊಂಡಾಗ ವಿಧವೆಯರು ಪೇತ್ರನ ಮುಂದೆ ಭಾಷಣ ಮಾಡಲಿಲ್ಲ. ಆಕೆ ಹೊಲಿದುಕೊಟ್ಟ ಅಂಗಿಗಳನ್ನು ಎತ್ತಿ ತೋರಿಸಿದರು. ಪೇತ್ರನು ಕೇಳಿದನು, ನೋಡಿದನು. ನಾನೂ ಅಂದು ಮಾತಿಗೆ ಮೊದಲು ಆ ನಾಟಿ ಹೆಂಗಸರನ್ನು ಕೇಳಬೇಕಿತ್ತು.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿಯೂ ಇಂಥ ಒಬ್ಬ ಅತ್ತೆ, ಚಿಕ್ಕಮ್ಮ, ಅಕ್ಕ ಇದ್ದಿರಬಹುದು, ಇನ್ನೂ ಇರಬಹುದು. ಇದ್ದರೆ ಇಂದೇ ಹೋಗಿ ಮಾತನಾಡಿಸಿರಿ. ಅಗಲಿದ್ದರೆ ಇದ್ದಂತೆಯೇ ನೆನೆಯಿರಿ. ಅಗಲಿದವರಿಗೆ ನಿತ್ಯ ವಿಶ್ರಾಂತಿಯನ್ನು ಬೇಡುವುದು ನಮ್ಮ ವಾಡಿಕೆ. ಅತ್ತೆಗಾಗಿ ನಾನೂ ಹಾಗೆಯೇ ಬೇಡುತ್ತೇನೆ. ಆದರೆ ವಿಶ್ರಾಂತಿಯನ್ನು ಅವರು ಎಷ್ಟು ದಿನ ತಡೆದುಕೊಂಡಾರು ಎಂಬ ಅನುಮಾನ ನನ್ನನ್ನು ಬಿಡದು. ಅಲ್ಲಿಯೂ ಯಾರಿಗಾದರೂ ಏನಾದರೂ ಬೇಕಾಗಿದ್ದರೆ, ಅವರನ್ನು ಕಳುಹಿಸುವ ಕೃಪೆಯನ್ನು ಪ್ರಭುವು ಮಾಡಲಿ.